ಗುದ್ದೇ ಇಲ್ಲದ ಕಾಳಗ: ಗ್ರ್ಯಾಪ್ಲಿಂಗ್ ನಿಜವಾದ ಹೊಡೆದಾಟವಾ?

ಅಮೆರಿಕದ ಕಾದಾಟದ ಪಂದ್ಯಗಳ ಸಂಸ್ಥೆ ಯುಎಫ್‌ಸಿ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಪಂಜರ, ಗುದ್ದು, ರಕ್ತ. ಅದೇ ಯುಎಫ್‌ಸಿ 2025ರಲ್ಲಿ ಹೊಸದೊಂದು ಪಂದ್ಯಸರಣಿ ಶುರು ಮಾಡಿತು. ಹೆಸರು ಯುಎಫ್‌ಸಿ ಬಿಜೆಜೆ. ಬಿಜೆಜೆ ಅಂದರೆ ಬ್ರೆಜಿಲಿಯನ್ ಜಿಯು-ಜಿಟ್ಸು. ಇಲ್ಲಿ ಗುದ್ದುವಂತಿಲ್ಲ, ಒದೆಯುವಂತಿಲ್ಲ, ಮೊಣಕೈ ಬೀಸುವಂತಿಲ್ಲ. ಇಬ್ಬರೂ ಹಿಡಿಯುತ್ತಾರೆ, ಕೆಡವುತ್ತಾರೆ, ಕೈಕಾಲಿಗೆ ಪಟ್ಟು ಹಾಕುತ್ತಾರೆ, ಕತ್ತು ಅಮುಕುತ್ತಾರೆ. ಇನ್ನು ಆಗಲ್ಲ ಅನಿಸಿದವನು ಅಂಗೈಯಿಂದ ಎರಡು ಸಲ ತಟ್ಟುತ್ತಾನೆ. ಅಲ್ಲಿಗೆ ಮುಗಿಯಿತು. ಇಂಥ ಹಿಡಿತದ ಕಾಳಗಕ್ಕೇ ಗ್ರ್ಯಾಪ್ಲಿಂಗ್ ಅನ್ನುತ್ತಾರೆ.

ಅದಕ್ಕೂ ಒಂದು ವರ್ಷ ಮೊದಲು, 2024ರ ಆಗಸ್ಟ್‌ನಲ್ಲಿ, ಲಾಸ್ ವೇಗಸ್‌ನಲ್ಲಿ ಒಂದೇ ವಾರಾಂತ್ಯದಲ್ಲಿ ಎರಡು ದೊಡ್ಡ ಗ್ರ್ಯಾಪ್ಲಿಂಗ್ ಟೂರ್ನಿಗಳು ನಡೆದವು. ಒಂದು, ವರ್ಷಗಳಿಂದ ಈ ಕ್ರೀಡೆಯ ಶಿಖರ ಅನಿಸಿಕೊಂಡಿರುವ ಎಡಿಸಿಸಿ. ಅಲ್ಲಿ ಪುರುಷರ ಒಂದು ತೂಕ ವಿಭಾಗ ಗೆದ್ದವರಿಗೆ 10,000 ಡಾಲರ್. ಇನ್ನೊಂದು, ಅದಕ್ಕೆ ಸಡ್ಡು ಹೊಡೆದು ಹುಟ್ಟಿದ ಕ್ರೇಗ್ ಜೋನ್ಸ್ ಇನ್ವಿಟೇಶನಲ್. ಅಲ್ಲಿ ಎರಡು ವಿಭಾಗಗಳಲ್ಲೂ ಗೆದ್ದವರಿಗೆ ತಲಾ 10 ಲಕ್ಷ ಡಾಲರ್.

ಇಷ್ಟು ದುಡ್ಡು, ಇಷ್ಟು ದೊಡ್ಡ ಹೆಸರು ಬಂದ ಮೇಲೆ ಹೊಸ ನೋಡುಗರೂ ಬಂದರು. ಅವರ ಪ್ರಶ್ನೆ ನೇರವಾಗಿದೆ. ಒಬ್ಬ ಸುಮ್ನೆ ನೆಲದ ಮೇಲೆ ಕೂತು ಜರುಗುತ್ತಾ ಎದುರಾಳಿಯ ಕಾಲಿಗೆ ಕೈ ಹಾಕುತ್ತಿದ್ದಾನೆ. ಇದನ್ನು ಫೈಟ್ ಅನ್ನುವುದು ಹೇಗೆ? ಅತ್ತ ಅಭ್ಯಾಸ ಮಾಡುವವರು, ‘ಇದಕ್ಕಿಂತ ನಿಜವಾದ ಕಾದಾಟ ಬೇರೆ ಇಲ್ಲ’ ಅನ್ನುತ್ತಾರೆ. ಎರಡು ಕಡೆಯ ಮಾತಿನಲ್ಲೂ ಹುರುಳಿದೆ. ಅದಕ್ಕೇ ಗೊಂದಲ.

ಪದದಲ್ಲೇ ಇರುವ ಗೋಜಲು

‘ಫೈಟ್’ ಅನ್ನುವ ಒಂದೇ ಪದವನ್ನು ನಾವು ಬೀದಿ ಜಗಳಕ್ಕೂ ಬಳಸುತ್ತೇವೆ, ಬಾಕ್ಸಿಂಗ್ ಪಂದ್ಯಕ್ಕೂ ಬಳಸುತ್ತೇವೆ. ಕನ್ನಡದ ಹಳೆಯ ಪದಗಳು ಇಲ್ಲಿ ನೆರವಿಗೆ ಬರುತ್ತವೆ. ಹೊಡೆದಾಟ, ಬಡಿದಾಟ, ಗುದ್ದಾಟ, ಕುಸ್ತಿಯಾಟ, ಹೋರಾಟ. ಎಲ್ಲದರಲ್ಲೂ ‘ಆಟ’ ಇದೆ, ಅಲ್ವಾ? ಒಬ್ಬ ಇನ್ನೊಬ್ಬನಿಗೆ ಬಾರಿಸಿ ಹೋದರೆ ಅದು ಹೊಡೆತ. ಇವನೂ ಹೊಡೆದು ಅವನೂ ಹೊಡೆದರೆ ಮಾತ್ರ ಹೊಡೆದಾಟ. ಅಂದರೆ ಎದುರಿಗಿರುವವನು ತನ್ನ ಪೂರ್ತಿ ಬಲ ಹಾಕಿ ತಡೆಯಬೇಕು. ನಾವು ಅಂದುಕೊಂಡದ್ದನ್ನು ಕೆಡಿಸಬೇಕು. ಇದನ್ನು ಅಳತೆಗೋಲು ಮಾಡಿಕೊಂಡರೆ ಗ್ರ್ಯಾಪ್ಲಿಂಗ್ ಪಂದ್ಯ ಪೂರ್ತಿ ಪಾಸಾಗುತ್ತದೆ. ಅಲ್ಲಿ ಎದುರಾಳಿ ಒಂದು ಕ್ಷಣವೂ ಸಹಕರಿಸುವುದಿಲ್ಲ.

ಟಿವಿಯಲ್ಲಿ ಬರುವ ಬಣ್ಣದ ಕುಸ್ತಿ ಈ ಅಳತೆಗೆ ನಿಲ್ಲುವುದಿಲ್ಲ. ಅಲ್ಲಿ ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತದೆ. 1989ರಲ್ಲಿ ಆಗಿನ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯೇ ಅಮೆರಿಕದ ನ್ಯೂಜೆರ್ಸಿ ಶಾಸಕರ ಮುಂದೆ, ‘ನಮ್ಮದು ಕ್ರೀಡೆಯಲ್ಲ, ಮನರಂಜನೆ’ ಅಂತ ಒಪ್ಪಿಕೊಂಡಿತು. ಕ್ರೀಡಾ ಆಯೋಗದ ಕಟ್ಟುಪಾಡಿನಿಂದ ಹೊರಗೆ ಬರುವುದಕ್ಕೆ ಅದು ಬೇಕಾಗಿತ್ತು. ಗ್ರ್ಯಾಪ್ಲಿಂಗ್ ಅಂದರೆ ಅದೇ ಇರಬೇಕು ಅಂತ ಇವತ್ತಿಗೂ ಅಂದುಕೊಳ್ಳುವವರಿದ್ದಾರೆ. ಎರಡಕ್ಕೂ ಸಂಬಂಧ ಇಲ್ಲ.

ಮೊದಲು ಎಲ್ಲವೂ ಒಂದೇ ಆಗಿತ್ತು

ಗುದ್ದುವುದು ಬೇರೆ, ಹಿಡಿಯುವುದು ಬೇರೆ ಅನ್ನುವ ವಿಂಗಡಣೆ ನಿಯಮಗಳಿಂದ ಬಂದದ್ದು. ಪ್ರಾಚೀನ ಗ್ರೀಸ್‌ನ ಒಲಿಂಪಿಕ್ಸ್‌ಗೆ ಕುಸ್ತಿ ಬಂದದ್ದು ಕ್ರಿ.ಪೂ. 708ರಲ್ಲಿ. ಗುದ್ದು, ಒದೆ, ಪಟ್ಟು ಎಲ್ಲವೂ ಸೇರಿದ ಪ್ಯಾಂಕ್ರೇಶನ್ ಬಂದದ್ದು ಕ್ರಿ.ಪೂ. 648ರಲ್ಲಿ. ಅದರಲ್ಲಿ ಕಚ್ಚುವಂತಿಲ್ಲ, ಕಣ್ಣಿಗೆ ಬೆರಳು ಹಾಕುವಂತಿಲ್ಲ. ಅಷ್ಟು ಬಿಟ್ಟರೆ ಹೆಚ್ಚಿನದೆಲ್ಲ ನಡೆಯುತ್ತಿತ್ತು. ಕ್ರಿ.ಪೂ. 564ರಲ್ಲಿ ಅರಾಕಿಯನ್ ಎಂಬ ಮಲ್ಲನ ಕತ್ತಿಗೆ ಎದುರಾಳಿ ಹಿಂದಿನಿಂದ ಪಟ್ಟು ಹಾಕಿದ. ಉಸಿರು ಕಟ್ಟುತ್ತಿದ್ದರೂ ಅರಾಕಿಯನ್ ಅವನ ಪಾದವನ್ನು ತಿರುಚಿದ. ನೋವು ತಾಳಲಾರದೆ ಎದುರಾಳಿ ಬೆರಳೆತ್ತಿ ಸೋಲೊಪ್ಪಿದ. ಅಷ್ಟರಲ್ಲಿ ಅರಾಕಿಯನ್ ಸತ್ತೇ ಹೋಗಿದ್ದ. ಗೆಲುವಿನ ಎಲೆಮುಡಿಯನ್ನು ಹೆಣಕ್ಕೆ ತೊಡಿಸಿದರು. ಹಿಡಿತ ಮತ್ತು ಪಟ್ಟು ಬರೀ ಆಟದ ಮಾತಲ್ಲ ಅನ್ನುವುದಕ್ಕೆ ಇದಕ್ಕಿಂತ ಕಠೋರ ಉದಾಹರಣೆ ಬೇಕಾಗಿಲ್ಲ.

ಬಾಕ್ಸಿಂಗ್ ಕೂಡ ಬಹುಕಾಲ ಬರೀ ಗುದ್ದಾಟ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ 1838ರ ಲಂಡನ್ ಪ್ರೈಜ್ ರಿಂಗ್ ನಿಯಮಗಳ ಕಾಲದಲ್ಲಿ ಎದುರಾಳಿಯನ್ನು ಹಿಡಿದು ಎತ್ತಿ ಹಾಕಬಹುದಿತ್ತು. 1867ರ ಕ್ವೀನ್ಸ್‌ಬರಿ ನಿಯಮಗಳು ಗ್ಲೌಸ್ ತಂದವು, ಮೂರು ನಿಮಿಷದ ಸುತ್ತು ತಂದವು, ಹಿಡಿದು ಕೆಡವುವುದನ್ನು ನಿಲ್ಲಿಸಿದವು. ಇವತ್ತು ಬಾಕ್ಸರ್‌ಗಳು ಒಬ್ಬರನ್ನೊಬ್ಬರು ತಬ್ಬಿದರೆ ರೆಫರಿ ಬಂದು ಬಿಡಿಸುತ್ತಾನೆ. ರಿಂಗಿನ ಹೊರಗೆ ಬಿಡಿಸುವವರು ಯಾರೂ ಇರುವುದಿಲ್ಲ. ಹಾಗಾಗಿ, ‘ಗ್ರ್ಯಾಪ್ಲಿಂಗ್‌ನಲ್ಲಿ ಗುದ್ದಿಲ್ಲ, ಅದಕ್ಕೇ ಅದು ಸುಳ್ಳು’ ಅನ್ನುವ ವಾದವನ್ನು ಒಪ್ಪಿದರೆ, ಬಾಕ್ಸಿಂಗ್‌ನಲ್ಲಿ ಹಿಡಿತ ಇಲ್ಲ, ಅದೂ ಸುಳ್ಳು ಅನ್ನಬೇಕಾಗುತ್ತದೆ. ಗುದ್ದು, ಒದೆ, ಪಟ್ಟು ಎಲ್ಲವೂ ಸೇರಿದ, ಯುಎಫ್‌ಸಿ ಪಂಜರದಲ್ಲಿ ಆಡಿಸುವ ಎಂಎಂಎಯಲ್ಲೂ (ಮಿಕ್ಸೆಡ್ ಮಾರ್ಷಲ್ ಆರ್ಟ್ಸ್) ತಲೆಯಿಂದ ಡಿಕ್ಕಿ ಹೊಡೆಯುವಂತಿಲ್ಲ, ತಲೆಯ ಹಿಂಭಾಗಕ್ಕೆ ಗುದ್ದುವಂತಿಲ್ಲ. ನಿಯಮ ಇಲ್ಲದ ಪಂದ್ಯ ಎಲ್ಲೂ ಇಲ್ಲ.

ಅಪಾಯ ತೆಗೆದರೆ ನಿಜ ಹೆಚ್ಚಾಗುತ್ತದೆ

ಇದು ಮೊದಲ ಸಲ ಕೇಳಿದಾಗ ತಲೆಕೆಳಗು ಅನಿಸುತ್ತದೆ. ಆದರೆ ಈ ಇಡೀ ಚರ್ಚೆಯ ತಿರುಳು ಇಲ್ಲಿದೆ.

1882ರಲ್ಲಿ ಜಪಾನಿನ ಜಿಗೊರೊ ಕಾನೊ ಕೊಡೊಕಾನ್ ಶಾಲೆ ತೆರೆದು ಜೂಡೋ ಕಲಿಸತೊಡಗಿದರು. ಹಳೆಯ ಜುಜುತ್ಸು ಶಾಲೆಗಳಲ್ಲಿ ಗುದ್ದು, ಒದೆ, ಕಣ್ಣು-ಗಂಟಲಿಗೆ ಹಾಕುವ ಏಟುಗಳೆಲ್ಲ ಇದ್ದವು. ಅಂಥ ಏಟನ್ನು ಜೊತೆಗಾರನ ಮೇಲೆ ಪೂರ್ತಿ ಬಲದಿಂದ ಪ್ರಯೋಗಿಸಲು ಆಗುವುದಿಲ್ಲ. ಮಾಡಿದರೆ ನಾಳೆಗೆ ಜೊತೆಗಾರನೇ ಇರುವುದಿಲ್ಲ. ಹಾಗಾಗಿ ಅವನ್ನು ಮೊದಲೇ ಗೊತ್ತುಮಾಡಿಕೊಂಡ ಹೆಜ್ಜೆಗಳಲ್ಲಿ, ಮುಟ್ಟಿಯೂ ಮುಟ್ಟದ ಹಾಗೆ ಮಾಡುತ್ತಿದ್ದರು. ಕಾನೊ ಅಪಾಯದ ಏಟುಗಳನ್ನು ಬದಿಗಿಟ್ಟು, ಉಳಿದ ಎಸೆತ ಮತ್ತು ಪಟ್ಟುಗಳನ್ನು ಪೂರ್ತಿ ಬಲದಿಂದ, ಪೂರ್ತಿ ತಡೆಯುವ ಎದುರಾಳಿಯ ಮೇಲೆ ದಿನವೂ ಆಡಿಸಿದರು. ಅದಕ್ಕೆ ರಾಂದೊರಿ ಅನ್ನುತ್ತಾರೆ.

ವ್ಯತ್ಯಾಸ ಎಲ್ಲಿ ಬರುತ್ತದೆ ನೋಡಿ. ವಾರಕ್ಕೆ ಮೂರು ದಿನ, ದಿನಕ್ಕೆ ಐದು ಸುತ್ತು ಅಂತಿಟ್ಟುಕೊಂಡರೂ ವರ್ಷಕ್ಕೆ 780 ಸುತ್ತು. ಪ್ರತಿ ಸುತ್ತಿನಲ್ಲೂ ಎದುರಿಗಿರುವವನು ನಿಜವಾಗಿ ಕೆಡವಲು ನೋಡುತ್ತಿರುತ್ತಾನೆ. ಉಸಿರು ಸಿಗದಿದ್ದಾಗ ಮನಸ್ಸು ಹೇಗೆ ಕಂಗೆಡುತ್ತದೆ, ಭಾರ ಎದೆಯ ಮೇಲೆ ಬಿದ್ದಾಗ ಏನು ಮಾಡಬೇಕು, ಸುಸ್ತಾದ ಮೇಲೂ ಕೈ ಹೇಗೆ ಕೆಲಸ ಮಾಡಬೇಕು ಅನ್ನುವುದೆಲ್ಲ ಮೈಗೆ ಗೊತ್ತಾಗುತ್ತದೆ. ಭಯಂಕರ ಏಟನ್ನು ಗಾಳಿಯಲ್ಲಿ ಸಾವಿರ ಸಲ ಬೀಸಿದವನಿಗೆ ಈ ಅನುಭವ ಸಿಗುವುದಿಲ್ಲ. ಕೈ ತಟ್ಟಿದರೆ ಬಿಡುವ ನಿಯಮ ಇರುವುದರಿಂದಲೇ ಇದೆಲ್ಲ ಸಾಧ್ಯ. ತಟ್ಟುವುದು ಪಂದ್ಯವನ್ನು ಸುಳ್ಳು ಮಾಡುವುದಿಲ್ಲ. ಮುರಿಯುವ ಹಂತದವರೆಗೆ ನಿಜವಾಗಿ ಹೋಗಲು ಅವಕಾಶ ಕೊಡುತ್ತದೆ.

1951ರಲ್ಲಿ ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೋ ಪಟು ಮಸಾಹಿಕೊ ಕಿಮುರಾ, ಬ್ರೆಜಿಲಿಯನ್ ಜಿಯು-ಜಿಟ್ಸು ಕಟ್ಟಿದವರಲ್ಲಿ ಒಬ್ಬರಾದ ಎಲಿಯೊ ಗ್ರೇಸಿಯ ತೋಳನ್ನು ತಿರುಚಿ ಹಿಡಿದಾಗ ಎಲಿಯೊ ತಟ್ಟಲಿಲ್ಲ. ತೋಳು ಮುರಿಯಿತು. ಕೊನೆಗೆ ಅವರ ಕಡೆಯವರೇ ಟವೆಲ್ ಎಸೆದರು. ಆ ಪಟ್ಟಿಗೆ ಇವತ್ತಿಗೂ ಕಿಮುರಾ ಅಂತಲೇ ಹೆಸರು.

1993ರ ಆ ರಾತ್ರಿ

ಗ್ರ್ಯಾಪ್ಲಿಂಗ್ ಕಡೆಯವರು ತೋರಿಸುವ ದೊಡ್ಡ ಸಾಕ್ಷಿ 1993ರ ನವೆಂಬರ್ 12ರದು. ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆಯಿತು. ತೂಕದ ವಿಭಾಗ ಇಲ್ಲ, ನಿಯಮ ತೀರಾ ಕಡಿಮೆ. ಎಲಿಯೊ ಅವರ ಮಗ ರಾಯ್ಸ್ ಗ್ರೇಸಿ, ಸುಮಾರು 80 ಕಿಲೊ ತೂಕದವರು, ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಮೊದಲ ಎದುರಾಳಿ ಬಾಕ್ಸರ್ ಆರ್ಟ್ ಜಿಮರ್ಸನ್, ಒಂದೇ ಕೈಗೆ ಗ್ಲೌಸ್ ತೊಟ್ಟು ಬಂದಿದ್ದರು. ರಾಯ್ಸ್ ಅವರನ್ನು ಕೆಡವಿ ಎದೆಯ ಮೇಲೆ ಕೂತರು. ಅಷ್ಟೇ. ಯಾವ ಪಟ್ಟೂ ಬೀಳುವ ಮೊದಲೇ ಜಿಮರ್ಸನ್ ತಟ್ಟಿಬಿಟ್ಟರು. ನೆಲದ ಮೇಲೆ ಏನು ಮಾಡಬೇಕು ಅನ್ನುವುದೇ ತಿಳಿಯದಿದ್ದರೆ ಗುದ್ದಿನ ಬಲ ಉಪಯೋಗಕ್ಕೆ ಬರುವುದಿಲ್ಲ ಅನ್ನುವುದು ಅವತ್ತು ಎಲ್ಲರಿಗೂ ಕಂಡಿತು.

ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. 1996ರ ಹೊತ್ತಿಗೆ ಮಾರ್ಕ್ ಕೋಲ್ಮನ್ ಅವರಂಥ ಕುಸ್ತಿಪಟುಗಳು ಬಂದರು. ಕೆಡವಿ, ಮೇಲೆ ಕೂತು, ಪಟ್ಟು ಹುಡುಕುತ್ತಾ ಕೂರದೆ ಗುದ್ದತೊಡಗಿದರು. ಆಮೇಲೆ ಗುದ್ದುವವರು ಕೆಡವಿಸಿಕೊಳ್ಳದೇ ಇರುವುದನ್ನು ಕಲಿತರು. ಗ್ರ್ಯಾಪ್ಲಿಂಗ್ ಒಂದೇ ಸಾಕು ಅನ್ನುವ ಕಾಲ ಬೇಗ ಮುಗಿಯಿತು. ಗ್ರ್ಯಾಪ್ಲಿಂಗ್ ಬೇಡ ಅನ್ನುವ ಕಾಲ ಮತ್ತೆ ಬರಲಿಲ್ಲ.

ಬೆನ್ನು ನೆಲಕ್ಕೆ ತಾಗಿದ ಕ್ಷಣ

ಎದುರು ಕಡೆಯ ವಾದ ಎಷ್ಟು ಗಟ್ಟಿ ಅನ್ನುವುದು ತಿಳಿಯಬೇಕಾದರೆ ಒಂದೇ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಒಬ್ಬ ಅಂಗಾತ ಬಿದ್ದಿದ್ದಾನೆ. ಇನ್ನೊಬ್ಬ ಅವನ ಎರಡು ಕಾಲುಗಳ ನಡುವೆ, ಮೇಲೆ ಇದ್ದಾನೆ.

ಕುಸ್ತಿಯಲ್ಲಾದರೆ ಕೆಳಗಿನವನು ಅರ್ಧ ಸತ್ತ ಹಾಗೆ. ಎರಡೂ ಭುಜ ನೆಲಕ್ಕೆ ತಾಗಿದರೆ ಚಿತ್. ಹಾಗಾಗಿ ಕುಸ್ತಿಪಟು ಬೀಳುವಾಗಲೇ ಹೊಟ್ಟೆಯ ಮೇಲೆ ಹೊರಳಿಕೊಳ್ಳುತ್ತಾನೆ. ಜೂಡೋದಲ್ಲಿ ಬೆನ್ನು ಜೋರಾಗಿ ನೆಲಕ್ಕೆ ಬಡಿದಿದ್ದರೆ ಇಪ್ಪೊನ್. ಪಂದ್ಯ ಆಗಲೇ ಮುಗಿದಿದೆ. ಜಿಯು-ಜಿಟ್ಸುವಿನಲ್ಲಿ ಇದಕ್ಕೆ ‘ಗಾರ್ಡ್’ ಅನ್ನುತ್ತಾರೆ. ಇಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮಾನರು. ಕೆಳಗಿರುವವನು ತನ್ನ ಕಾಲುಗಳಿಂದಲೇ ಮೇಲಿನವನ ಕತ್ತಿಗೆ ಉರುಳು ಹಾಕಬಲ್ಲ. ಆದರೆ ಇವನು ಕುಸ್ತಿಪಟುವಿನ ಹಾಗೆ ಹೊಟ್ಟೆಯ ಮೇಲೆ ಹೊರಳಿದರೆ ಬೆನ್ನು ಕೊಟ್ಟ ಹಾಗೆ. ಹಿಂದಿನಿಂದ ಕತ್ತಿಗೆ ತೋಳು ಬರುತ್ತದೆ. ಮಿದುಳಿಗೆ ರಕ್ತ ಹೋಗುವುದು ನಿಂತರೆ ಸುಮಾರು ಹತ್ತು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ.

ಒಂದೇ ಭಂಗಿ. ಒಂದು ಆಟದಲ್ಲಿ ಸೋಲು, ಒಂದರಲ್ಲಿ ಆಟವೇ ಮುಗಿದಿದೆ, ಒಂದರಲ್ಲಿ ಈಗ ಶುರು. ಈಗ ಇದಕ್ಕೆ ಗುದ್ದು ಸೇರಿಸಿ. ಕೆಳಗಿನವನ ಕೈಗಳು ಪಟ್ಟಿಗೆ ಹೋದರೆ ಮುಖ ಬಯಲಾಗುತ್ತದೆ. ಮುಖ ಮುಚ್ಚಿಕೊಂಡರೆ ಪಟ್ಟು ಹಾಕಲಾಗದು. ಇನ್ನು ಮ್ಯಾಟ್ ತೆಗೆದು ಸಿಮೆಂಟು ನೆಲ ಹಾಕಿ. ಮೇಲಿನವನು ಎತ್ತಿ ಕುಕ್ಕಿದರೆ ತಲೆ ಒಡೆಯುತ್ತದೆ. ಪಕ್ಕದಲ್ಲಿ ಅವನ ಗೆಳೆಯನೊಬ್ಬ ನಿಂತಿದ್ದರೆ, ಮೊದಲು ಅವನೇ ಒದೆಯುತ್ತಾನೆ.

ಹೀಗೆ ನಿಯಮ ಅಭ್ಯಾಸವನ್ನು ಕಟ್ಟುತ್ತದೆ, ಅಭ್ಯಾಸ ಮೈಯನ್ನು ಕಟ್ಟುತ್ತದೆ. ಹತ್ತು ವರ್ಷ ತಾನಾಗೇ ಕೂತು ಆಡಿದವನು ಗಾಬರಿಯ ಹೊತ್ತಿನಲ್ಲೂ ಕೂರುತ್ತಾನೆ. ಜೂಡೋದಲ್ಲಿ 2010ರಿಂದ ಹಂತಹಂತವಾಗಿ, 2013ರಿಂದ ಪೂರ್ತಿಯಾಗಿ, ಕಾಲಿಗೆ ಕೈ ಹಾಕಿ ಕೆಡವುವುದನ್ನು ನಿಷೇಧಿಸಿದರು. ಅಲ್ಲಿಂದೀಚೆಗೆ ಕಲಿತವರಿಗೆ ಸೊಂಟದ ಕೆಳಗಿನ ದಾಳಿಯನ್ನು ತಡೆಯುವ ಅಗತ್ಯವೇ ಬೀಳುವುದಿಲ್ಲ. ಎದುರಾಳಿ ಕುಸ್ತಿಪಟುವಾದರೆ ಅವನ ಮೊದಲ ಗುರಿ ಕಾಲೇ.

ಪಾಯಿಂಟ್‌ನಲ್ಲಿ ಉಳಿದ ಗುದ್ದಿನ ನೆನಪು

ಜಿಯು-ಜಿಟ್ಸುವಿನ ಅಂಕ ಕೊಡುವ ಕ್ರಮ ಗಮನಿಸುವಂಥದ್ದು. ಈ ಆಟದ ಟೂರ್ನಿಗಳನ್ನು ನಡೆಸುವ ದೊಡ್ಡ ಸಂಸ್ಥೆ ಐಬಿಜೆಜೆಎಫ್‌ನ ನಿಯಮದಲ್ಲಿ ಕೆಡವಿದರೆ 2 ಅಂಕ, ಗಾರ್ಡ್ ದಾಟಿದರೆ 3. ಎದೆಯ ಮೇಲೆ ಕೂತರೆ 4, ಬೆನ್ನು ಹಿಡಿದರೆ 4. ಯಾಕೆ ಅಷ್ಟು ಜಾಸ್ತಿ? ಎದೆಯ ಮೇಲೆ ಕೂತವನು ಗುದ್ದಬಹುದು, ಕೆಳಗಿನವನ ಗುದ್ದು ಮೇಲೆ ತಾಗುವುದಿಲ್ಲ. ಬೆನ್ನು ಹಿಡಿದವನನ್ನು ಕೆಳಗಿನವನು ನೋಡಲೂ ಆರ. ಪಂದ್ಯದಲ್ಲಿ ಗುದ್ದಿಲ್ಲದಿದ್ದರೂ ಗುದ್ದಿದ್ದರೆ ಏನಾಗುತ್ತಿತ್ತು ಅನ್ನುವ ಲೆಕ್ಕ ಅಂಕಗಳಲ್ಲಿ ಉಳಿದಿದೆ.

ಆದರೆ ಅದೇ ನಿಯಮದಲ್ಲಿ ತಾನಾಗೇ ಕೂತು ಗಾರ್ಡ್‌ಗೆ ಎಳೆದುಕೊಂಡರೆ ಏನೂ ಕಳೆದುಕೊಳ್ಳುವುದಿಲ್ಲ. ಹೊಸ ನೋಡುಗರಿಗೆ ವಿಚಿತ್ರ ಅನಿಸುವ ‘ಕೂತು ಜರುಗುವ’ ಆಟ ಹುಟ್ಟಿದ್ದು ಇಲ್ಲಿಂದ. ಎಡಿಸಿಸಿ ಇದಕ್ಕೆ ಮದ್ದು ಹುಡುಕಿತು. ಅಂಕ ಲೆಕ್ಕಕ್ಕೆ ಬರುವ ಹೊತ್ತಿನಲ್ಲಿ ತಾನಾಗೇ ಕೂತರೆ ಒಂದು ಮೈನಸ್ ಪಾಯಿಂಟ್. ನಿಯಮದ ಒಂದು ಸಾಲು ಬದಲಾದದ್ದಕ್ಕೆ ಎಡಿಸಿಸಿಗೆ ಹೋಗುವವರೆಲ್ಲ ಕುಸ್ತಿ ಕಲಿಯತೊಡಗಿದರು.

ಗಡಿ ದಾಟಿದವರು

ಮಾರ್ಸೆಲೊ ಗಾರ್ಸಿಯಾ ನಾಲ್ಕು ಸಲ ಎಡಿಸಿಸಿ ಗೆದ್ದವರು. ಗ್ರ್ಯಾಪ್ಲಿಂಗ್ ಇತಿಹಾಸದ ಜಗಜಟ್ಟಿಗಳಲ್ಲಿ ಒಬ್ಬರು. 2007ರಲ್ಲಿ ಒಂದೇ ಒಂದು ಎಂಎಂಎ ಪಂದ್ಯ ಆಡಿ ಸೋತರು. ಅದೇ 2007ರಲ್ಲಿ ಎಡಿಸಿಸಿ ಗೆದ್ದ ಡೆಮಿಯನ್ ಮಾಯಾ ಯುಎಫ್‌ಸಿಯಲ್ಲಿ ವರ್ಷಗಟ್ಟಲೆ ಆಡಿ ಎರಡು ಸಲ ಪ್ರಶಸ್ತಿ ಪಂದ್ಯದವರೆಗೆ ಹೋದರು. ಆದರೆ 2017ರ ಪ್ರಶಸ್ತಿ ಪಂದ್ಯದಲ್ಲಿ ಟೈರನ್ ವುಡ್ಲಿಯನ್ನು ಕೆಡವಲು 20ಕ್ಕೂ ಹೆಚ್ಚು ಸಲ ನೋಡಿದರೂ ಒಮ್ಮೆಯೂ ಆಗಲಿಲ್ಲ. ನೆಲಕ್ಕೆ ತರಲಾಗದಿದ್ದರೆ ನೆಲದ ವಿದ್ಯೆ ಇದ್ದೂ ಇಲ್ಲದ ಹಾಗೆ.

ಇನ್ನೊಂದು ಮುಖವೂ ಇದೆ. 2010ರಲ್ಲಿ ಫ್ಯಾಬ್ರಿಸಿಯೊ ವರ್ಡುಮ್ ಎದುರಿಗಿದ್ದದ್ದು ಹತ್ತಿರ ಹತ್ತಿರ ಹತ್ತು ವರ್ಷ ಸೋಲು ಕಾಣದ ಫೆಡರ್ ಎಮೆಲಿಯನೆಂಕೊ. ಫೆಡರ್ ಗುದ್ದಿದಾಗ ವರ್ಡುಮ್ ಕೆಳಗೆ ಬಿದ್ದರು. ಫೆಡರ್ ಮೇಲೆ ನುಗ್ಗಿದರು. ಕೆಳಗಿನಿಂದಲೇ ವರ್ಡುಮ್‌ನ ಕಾಲುಗಳು ಕತ್ತನ್ನು ಸುತ್ತಿಕೊಂಡವು. 69 ಸೆಕೆಂಡಿಗೆ ಫೆಡರ್ ತಟ್ಟಿದರು. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಅನ್ನುವ ಮಾತು ಅವತ್ತು ಅಕ್ಷರಶಃ ನಿಜವಾಯಿತು. ವರ್ಡುಮ್ ಕೂಡ ಎಡಿಸಿಸಿ ಚಾಂಪಿಯನ್.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗ್ರ್ಯಾಪ್ಲಿಂಗ್ ಪಂದ್ಯ ಹೊಡೆದಾಟದ ಒಂದು ನಿಜವಾದ ಭಾಗ. ಆ ಭಾಗದ ಮಟ್ಟಿಗೆ ಅಲ್ಲಿ ಯಾವ ನಟನೆಯೂ ಇಲ್ಲ. ಪೂರ್ತಿ ಹೊಡೆದಾಟ ಅಂತ ಅದನ್ನು ಮಾರಿದಾಗ ಮಾತ್ರ ಸುಳ್ಳು ಶುರುವಾಗುತ್ತದೆ.

ಹೆಸರು ಇಟ್ಟರೆ ಏನಾಗುತ್ತದೆ

ಹೆಸರಿನಲ್ಲೇನಿದೆ ಅನ್ನುವಂತಿಲ್ಲ. ಇಂಗ್ಲೆಂಡಿನ ನ್ಯಾಯಾಲಯ 1882ರಲ್ಲೇ ಕೋನಿ ಪ್ರಕರಣದಲ್ಲಿ, ಪಣ ಕಟ್ಟಿ ಬರಿಗೈಯಲ್ಲಿ ಗುದ್ದಾಡುವುದಕ್ಕೆ ಇಬ್ಬರೂ ಒಪ್ಪಿದ್ದರೂ ಅದು ಅಪರಾಧವೇ ಅಂತ ಹೇಳಿತು. ನಿಯಮ ಇರುವ ಕ್ರೀಡೆಗೆ ಕಾನೂನು ಬೇರೆ ರಕ್ಷಣೆ ಕೊಡುತ್ತದೆ. 1996ರಲ್ಲಿ ಅಮೆರಿಕದ ಸೆನೆಟರ್ ಜಾನ್ ಮೆಕೇನ್ ಯುಎಫ್‌ಸಿಯನ್ನು ‘ಮನುಷ್ಯರ ಕೋಳಿ ಅಂಕ’ ಅಂತ ಕರೆದರು. ರಾಜ್ಯಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ನ್ಯೂಯಾರ್ಕ್ ವೃತ್ತಿಪರ ಎಂಎಂಎಗೆ ಮತ್ತೆ ಒಪ್ಪಿಗೆ ಕೊಟ್ಟದ್ದು 2016ರಲ್ಲಿ. ಗ್ರ್ಯಾಪ್ಲಿಂಗ್‌ಗೆ ‘ಫೈಟ್’ ಅನ್ನುವ ಹಣೆಪಟ್ಟಿ ಅಂಟಿದರೆ ಪರವಾನಗಿ, ವೈದ್ಯಕೀಯ ತಪಾಸಣೆ, ವಿಮೆ ಎಲ್ಲವೂ ಹಿಂದೆಯೇ ಬರುತ್ತವೆ. ವೃತ್ತಿಪರ ಪಂದ್ಯಗಳಿಗೆ ಅದು ಒಳ್ಳೆಯದೇ. ಹಿಮ್ಮಡಿ ತಿರುಚುವ ಪಟ್ಟಿನಲ್ಲಿ ನೋವು ತಿಳಿಯುವ ಮೊದಲೇ ಮಂಡಿಯ ಕಟ್ಟು ಹರಿಯಬಹುದು. ಪಕ್ಕದಲ್ಲಿ ವೈದ್ಯರು ಇರಲೇಬೇಕು. ಆದರೆ ಮಕ್ಕಳ ಟೂರ್ನಿಗೂ ಅದೇ ಹಣೆಪಟ್ಟಿ ಬಿದ್ದರೆ ತಲೆಗೆ ಏಟು ಬೀಳದ, ಬಾಕ್ಸಿಂಗ್‌ಗಿಂತ ಎಷ್ಟೋ ಸುರಕ್ಷಿತವಾದ ಆಟದಿಂದ ಪೋಷಕರು ಸುಮ್ಮನೆ ಹೆದರಿ ದೂರ ಸರಿಯುತ್ತಾರೆ.

ಆಟ ಕಾದಾಟದಿಂದ ತೀರಾ ದೂರ ಹೋದರೂ ಕಷ್ಟ. 2013ರ ಫೆಬ್ರವರಿಯಲ್ಲಿ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ 2020ರ ಕ್ರೀಡಾಕೂಟದ ಮುಖ್ಯ ಪಟ್ಟಿಯಿಂದ ಕುಸ್ತಿಯನ್ನೇ ಬಿಡಲು ಹೊರಟಿತು. ಆಗಿನ ನಿಯಮದಲ್ಲಿ ಒಂದು ಸುತ್ತು ಅಂಕವಿಲ್ಲದೆ ಮುಗಿದರೆ ಚೀಲದಿಂದ ಬಣ್ಣದ ಚೆಂಡು ತೆಗೆದು, ಯಾರು ಯಾರ ಕಾಲು ಹಿಡಿಯಬೇಕು ಅಂತ ತೀರ್ಮಾನಿಸುತ್ತಿದ್ದರು. ಸಾವಿರಾರು ವರ್ಷದ ಕುಸ್ತಿ ಅದೃಷ್ಟದ ಚೀಟಿಗೆ ಬಂದು ನಿಂತಿತ್ತು. ಕುಸ್ತಿ ಸಂಸ್ಥೆ ಅವಸರದಲ್ಲಿ ಆ ಚೆಂಡನ್ನು ಕೈಬಿಟ್ಟಿತು, ಮೂರು ನಿಮಿಷದ ಎರಡು ಸುತ್ತು ಮಾಡಿತು, ಅಂಕಗಳನ್ನು ಒಟ್ಟು ಕೂಡಿಸತೊಡಗಿತು. ಸೆಪ್ಟೆಂಬರ್‌ನಲ್ಲಿ ಕುಸ್ತಿ ಒಲಿಂಪಿಕ್ಸ್‌ಗೆ ಮರಳಿತು.

ಈಗ ದೊಡ್ಡ ದುಡ್ಡಿನ ಗ್ರ್ಯಾಪ್ಲಿಂಗ್ ಕೂಡ ಅದೇ ದಾರಿ ಹಿಡಿದಿದೆ. ಕ್ರೇಗ್ ಜೋನ್ಸ್ ಟೂರ್ನಿಯಲ್ಲಿ ಅಂಚಿಗೆ ಓಡಿ ತಪ್ಪಿಸಿಕೊಳ್ಳದ ಹಾಗೆ ಸುತ್ತಲೂ ಇಳಿಜಾರು ಗೋಡೆ ಕಟ್ಟಿದ್ದರು. ಎಡ್ಡಿ ಬ್ರಾವೊ ಶುರು ಮಾಡಿದ ಕಾಂಬ್ಯಾಟ್ ಜಿಯು-ಜಿಟ್ಸುವಿನಲ್ಲಿ ನೆಲಕ್ಕೆ ಬಿದ್ದ ಮೇಲೆ ಅಂಗೈಯಿಂದ ಬಾರಿಸಬಹುದು. ಮುಖಕ್ಕೆ ನಾಲ್ಕು ಏಟು ಬಿದ್ದ ಕೂಡಲೇ ಎಷ್ಟೋ ಚೆಂದದ ಗಾರ್ಡ್‌ಗಳು ಕೆಲಸಕ್ಕೆ ಬಾರದೆ ಹೋಗುತ್ತವೆ. ಯಾವುದು ಹೊಡೆದಾಟಕ್ಕೆ ಒದಗುತ್ತದೆ, ಯಾವುದು ಆಟಕ್ಕೆ ಮಾತ್ರ ಒದಗುತ್ತದೆ ಅನ್ನುವುದು ಅಲ್ಲೇ ಬೇರೆಯಾಗುತ್ತದೆ.

ಆತ್ಮರಕ್ಷಣೆಗೆ ಅಂತ ಸೇರುವವರಿಗೆ

ಈ ಚರ್ಚೆಯ ಬಿಸಿ ಹೆಚ್ಚು ತಟ್ಟುವುದು ಇವರಿಗೇ. ಗ್ರ್ಯಾಪ್ಲಿಂಗ್ ಕಲಿತವರಿಗೆ ಮೈಮೇಲೆ ಬಿದ್ದವನ ಅಡಿಯಿಂದ ಹೊರಬರಲು ಗೊತ್ತಿರುತ್ತದೆ. ಹೊಡೆಯದೆಯೇ ಒಬ್ಬನನ್ನು ಹಿಡಿದು ನಿಲ್ಲಿಸಲು ಗೊತ್ತಿರುತ್ತದೆ. ಪೊಲೀಸರಿಗೆ, ಆಸ್ಪತ್ರೆಯ ಕಾವಲಿನವರಿಗೆ ಇದು ಗುದ್ದಿಗಿಂತ ಎಷ್ಟೋ ಹೆಚ್ಚು ಬೇಕಾದ ವಿದ್ಯೆ. ಆದರೆ ಚಾಕು, ಎರಡನೆಯ ಆಳು, ಎಚ್ಚರಿಕೆ ಕೊಡದೆ ಬೀಳುವ ಮೊದಲ ಏಟು ಯಾವ ಮ್ಯಾಟಿನ ಮೇಲೂ ಇರುವುದಿಲ್ಲ.

ಹಾಗಾಗಿ ಒಂದು ತರಬೇತಿ ಶಾಲೆಗೆ ಸೇರುವ ಮೊದಲು ಅಲ್ಲಿನ ಪದಕಗಳನ್ನು ಎಣಿಸುವುದಕ್ಕಿಂತ ಒಂದು ದಿನ ಕೂತು ನೋಡುವುದು ಒಳ್ಳೆಯದು. ಸುತ್ತು ನಿಂತು ಶುರುವಾಗುತ್ತದಾ, ಇಲ್ಲ ದಿನವೂ ಮಂಡಿಯೂರಿಯೇ ಶುರುವಾಗುತ್ತದಾ? ಆಗಾಗ ಹಗುರ ಏಟು ಸೇರಿಸಿ ಆಡಿಸುತ್ತಾರಾ? ಕೆಳಗೆ ಬಿದ್ದವನಿಗೆ ಪಟ್ಟು ಹುಡುಕು ಅನ್ನುತ್ತಾರಾ, ಎದ್ದು ನಿಲ್ಲು ಅನ್ನುತ್ತಾರಾ? ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಕೆಳಗಿನಿಂದ ಬಿಡಿಸಿಕೊಂಡು ಎದ್ದರೆ 1 ಅಂಕ ಸಿಗುತ್ತದೆ. ಅಲ್ಲಿಂದ ಬಂದವರು ಯಾವ ಪಂಜರಕ್ಕೆ ಹೋದರೂ ನೆಲದ ಮೇಲೆ ಸುಮ್ಮನೆ ಮಲಗುವುದಿಲ್ಲ. ಕೈ ಊರಿ, ಸೊಂಟ ಎತ್ತಿ, ಒಂದು ಕಾಲನ್ನು ಹಿಂದಕ್ಕೆ ಎಳೆದುಕೊಂಡು ಆಗಲೇ ಏಳುತ್ತಿರುತ್ತಾರೆ.